ಗುರುಪಾದನ ಶನಿಯಾತ್ರೆ

ಗುರುಪಾದ ಆ ದಿನ ಬಾಯಿ ಮುಚ್ಚಿಕೊಂಡು ಹಲ್ಲುಜ್ಜಿದ್ದರೆ ಏನೂ ಆಗುತ್ತಿರಲಿಲ್ಲ.

ಆದರೆ ವಿಲೆ ಪಾರ್ಲೆಯ ಆ ಚಾಳಿನಲ್ಲಿ ಹಲ್ಲುಜ್ಜುವುದು ಖಾಸಗಿ ಕೆಲಸವಲ್ಲ. ಖೋಲಿಗಳೆಲ್ಲ ಒಂದೇ ಉದ್ದನೆಯ ಗ್ಯಾಲರಿಗೆ ಬಾಗಿಲು ತೆರೆದುಕೊಂಡು ಕೂತಿವೆ. ಒಬ್ಬ ಜೋರಾಗಿ ಉಗುಳಿದರೆ ನಾಲ್ಕು ಮನೆಯವರು ಬಂದು ಪಿತ್ತಕ್ಕೆ ಔಷಧಿ ಹೇಳುತ್ತಾರೆ. ಅಂಥ ಜಾಗದಲ್ಲಿ ಗುರುಪಾದ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡು, ಕಟಕಟೆಗೆ ಒರಗಿ, ತಲೆಯ ಮೇಲೆ ಹಾದುಹೋಗುವ ವಿಮಾನ ನೋಡುತ್ತ ತನ್ನಷ್ಟಕ್ಕೆ ತಾನೇ ನಗುತ್ತಿದ್ದ. ಪಕ್ಕದ ಖೋಲಿಯ ಕಸ್ತೂರಿಬಾಯಿಗೆ ಅಷ್ಟು ಸಾಕಾಯಿತು.

“ಯಾಕೋ ತಮ್ಮಾ, ಶನಿವಾರ ಮುಂಜಾನೆದ್ದು ಒಬ್ಬನ ನಗಾಕತ್ತೀ? ಕೆಲಸಕ್ಕ ಹೋಗಂಗಿಲ್ಲೇನು?”

“ಇಲ್ಲ ಮಾವಶಿ, ರಜಾ ಹಾಕೀನಿ. ಇವತ್ತ ಶನಿಗೆ ಹೊಂಟೀನಿ.”

“ಯಾವ ಶನಿ? ಗುಡಿಗೇನು?”

“ಗುಡಿಗೆ ಅಲ್ಲ. ಮ್ಯಾಲ ಆಕಾಶದಾಗ ಅದಾನಲ್ಲ, ಅವನ ಕಡೆ. ಆಟದಾಗ.”

ಕಸ್ತೂರಿಬಾಯಿ ಕೈಯಲ್ಲಿದ್ದ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟಳು. ಗುಡಿಸುವುದನ್ನು ಅರ್ಧಕ್ಕೆ ಬಿಟ್ಟಳೆಂದರೆ ಚಾಳಿನಲ್ಲಿ ಯಾರದೋ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

“ನಿಂದು ಮೀನ ರಾಶಿ ಹೌದಲ್ಲೋ?”

“ಹೌದು.”

“ಸಾಡೇಸಾತಿ ನಡದೈತಿ ನಿನಗ. ಅವನು ಮನಿಗೆ ಬರಬಾರದಂತ ಮಂದಿ ವಾರಾ ವಾರಾ ಎಣ್ಣಿ ಸುರೀತಾರ. ನೀ ನೋಡಿದರ ಶನಿವಾರ ದಿವಸ ರಜಾ ಹಾಕಿ, ನೀನಾಗೇ ಅವನ ಮನಿ ಬಾಗಲಾ ಬಡಿಯಾಕ ಹೊಂಟೀಯಲ್ಲೋ!”

“ಅದು ಬರೇ ಆಟ, ಮಾವಶಿ. ಕಂಪ್ಯೂಟರ್‌ನಾಗಿನ ಶನಿ.”

“ಕ್ಯಾಲೆಂಡರ್‌ನಾಗಿನ ದೇವರಿಗೆ ದಿನಾ ಕೈ ಮುಗೀತೀ. ಅವನೇನು ಕಾಗದದಾಗ ಇಳದು ಕುಂತಾನೇನು? ಕಾಗದದಾಗ ಬರೋ ದೇವರು ಕಂಪ್ಯೂಟರ್‌ನಾಗ ಬರಂಗಿಲ್ಲಂತ ಯಾರು ಹೇಳ್ಯಾರ ನಿನಗ?”

ಬಾಯಲ್ಲಿ ನೊರೆ ತುಂಬಿಕೊಂಡವನು ಯಾವ ವಾದದಲ್ಲೂ ಗೆಲ್ಲುವುದಿಲ್ಲ. ಗುರುಪಾದ ಬಾಯಿ ಮುಕ್ಕಳಿಸಿ ಒಳಗೆ ಹೋದ.

ಗುರುಪಾದ ಅಂಧೇರಿಯ ಒಂದು ಕಾರ್ಗೋ ಗೋದಾಮಿನಲ್ಲಿ ಲೋಡರ್. ಸಿಂದಗಿ ಕಡೆಯಿಂದ ಮುಂಬಯಿಗೆ ಬಂದಾಗ ಅವನಿಗೆ ಮೀಸೆ ಚಿಗುರುತ್ತಿತ್ತು. ಈಗ ಅದು ನರೆತಿದೆ, ಆದರೂ ಅವನು ಲೋಡರೇ. ಅವನ ಕೈಯಲ್ಲಿ ಪೆಟ್ಟಿಗೆ ಎತ್ತುವುದನ್ನು ಕಲಿತ ಹುಡುಗರು ಸೂಪರ್‌ವೈಸರುಗಳಾಗಿ, ಕೊರಳಿಗೆ ಕಾರ್ಡು ತೂಗಿಸಿಕೊಂಡು, ಅವನಿಗೇ ಸೀಟಿ ಊದುತ್ತಾರೆ. ಅವನಿಗೆ ಅದರ ಬಗ್ಗೆ ಸಿಟ್ಟಿಲ್ಲ ಎಂದು ಎಲ್ಲರಿಗೂ ಹೇಳುತ್ತಾನೆ. ಸಿಟ್ಟಿತ್ತು.

ಆ ಕಂಪ್ಯೂಟರು ಮನೆಗೆ ಬಂದದ್ದು ಮಗಳು ವಿಜೇತಾಳ ಕಾಲೇಜು ಓದಿಗೆ. ಗೆಳತಿಯರ ಮಾತು ಕೇಳಿ ಆಕೆ ಅದರಲ್ಲೊಂದು ಬಾಹ್ಯಾಕಾಶದ ಆಟ ಹಾಕಿಕೊಂಡಳು, ವಾರದೊಳಗೆ ಬೇಸತ್ತು ಬಿಟ್ಟಳು. ಒಂದು ಸಂಜೆ “ಏನ ಐತಿ ಇದರಾಗ, ಓದೂದ ಬಿಟ್ಟು ನೋಡೂವಂಥಾದ್ದು?” ಎಂದು ಬೈಯಲು ಪಕ್ಕದಲ್ಲಿ ಕೂತ ಗುರುಪಾದ, ಊಟಕ್ಕೆ ಕರೆದರೂ ಏಳಲಿಲ್ಲ. ಆ ಆಟದಲ್ಲಿ ಗುಂಡು ಹಾರಿಸುವುದಿಲ್ಲ, ರಾಕ್ಷಸರಿಲ್ಲ. ಹಡಗಿಗೆ ಪೆಟ್ಟಿಗೆ ತುಂಬಬೇಕು, ಗಂಟೆಗಟ್ಟಲೆ ಕತ್ತಲೆಯಲ್ಲಿ ಸಾಗಬೇಕು, ಯಾವುದೋ ಗ್ರಹದ ನಿಲ್ದಾಣ ಮುಟ್ಟಿ ಪೆಟ್ಟಿಗೆ ಇಳಿಸಬೇಕು. ವಿಜೇತಾಳಿಗೆ ಬೇಸರ ತಂದದ್ದು ಇದೇ. ಗುರುಪಾದನಿಗೆ ಹಿಡಿಸಿದ್ದೂ ಇದೇ. ಅಲ್ಲಿ ಸೀಟಿ ಊದುವವರಿರಲಿಲ್ಲ. ಚುಕ್ಕಿಗಳಿದ್ದವು, ಹಡಗಿತ್ತು, ಹಡಗಿನಲ್ಲಿ ಅವನೊಬ್ಬನೇ ಇದ್ದ.

ಮೊದಮೊದಲು ಹಡಗುಗಳು ಮಣ್ಣುಪಾಲಾದವು. ನಿಲ್ದಾಣ ಕಂಡ ಕೂಡಲೇ, ನಿಲ್ಲುವ ಮೊದಲೇ ಒಳಗೆ ನುಗ್ಗಿಬಿಡುವುದು ಅವನ ರಕ್ತದಲ್ಲೇ ಇತ್ತು. ಅಂಧೇರಿಯಲ್ಲಿ ಲೋಕಲ್ ರೈಲಿನಿಂದ ಹಾಗೆ ಧುಮುಕದವನು ಬೋರಿವಲಿಯಲ್ಲಿ ಇಳಿಯಬೇಕಾಗುತ್ತದೆ. ಆದರೆ ಆಕಾಶದಲ್ಲಿ ಹಾಗೆ ನುಗ್ಗಿದರೆ ಹಡಗು ಹಪ್ಪಳವಾಗುತ್ತಿತ್ತು.

“ಪಪ್ಪಾ, ಯೇ ಲೋಕಲ್ ನಹೀ ಹೈ!” ಎಂದು ಮಗಳು ಹಣೆ ಬಡಿದುಕೊಳ್ಳುತ್ತಿದ್ದಳು. “ಅದು ಪೂರಾ ನಿಲ್ಲೋ ತನಕ ವೇಟ್ ಮಾಡ್ಬೇಕು ನಾ!”

ಹೆಂಡತಿ ಭುವನೇಶ್ವರಿಯ ತಕರಾರು ಬೇರೆ. ಆಕೆ ಜೋಳದ ರೊಟ್ಟಿ ಬಡಿದು ಮಾಟುಂಗದ ಒಂದು ಖಾನಾವಳಿಗೆ ಕಳಿಸುವವಳು. “ಹಗಲೆಲ್ಲಾ ಅಂಧೇರ್ಯಾಗ ಪೆಟ್ಟಿಗಿ ಎತ್ತತೀರಿ. ಸಂಜಿಕ ಮನಿಗೆ ಬಂದು ಆಕಾಶದಾಗ ಪೆಟ್ಟಿಗಿ ಎತ್ತತೀರಿ. ಅಂಧೇರ್ಯಾಗರೆ ಪಗಾರ ಕೊಡ್ತಾರ!” ಎಂದು ಹಂಚಿನ ಮೇಲಿನ ರೊಟ್ಟಿಯನ್ನು ಗಂಡನೇ ಎಂಬಂತೆ ತಿರುವಿ ಹಾಕುತ್ತಿದ್ದಳು.

ಆದರೆ ಭುವನೇಶ್ವರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಆಟದಲ್ಲಿ ಗುರುಪಾದ ಸೇರಿಕೊಂಡಿದ್ದ ‘ದಖ್ಖನ್ ಪಡೆ’ಯಲ್ಲಿ ಸೋಲಾಪುರ, ಬೆಳಗಾವಿ, ದುಬೈ ಎಲ್ಲ ಕಡೆಯವರಿದ್ದರು. ಅದರ ಕಮಾಂಡರ್ ಹುಬ್ಬಳ್ಳಿಯ ನವೀನ. ಅವನ ಮುಖವನ್ನು ಯಾರೂ ಕಂಡಿರಲಿಲ್ಲ, ಎಲ್ಲರೂ ದನಿಯನ್ನಷ್ಟೇ ಬಲ್ಲರು. ಈ ಶನಿವಾರ ಸಂಜೆ ಆರರೊಳಗೆ, ಎಲ್ಲರಿಗಿಂತ ಮೊದಲು ಶನಿಯ ನಿಲ್ದಾಣಕ್ಕೆ ಔಷಧಿ ಮುಟ್ಟಿಸಿದ ಹಡಗಿಗೆ ಕ್ಯಾಪ್ಟನ್ ಪದವಿ ಎಂದು ನವೀನ ಸಾರಿದ್ದ. ಪರದೆಯ ಮೇಲೆ ಹೆಸರಿಗೆ ಮೊದಲು ದೊಡ್ಡ ಅಕ್ಷರದಲ್ಲಿ ‘ಕ್ಯಾಪ್ಟನ್’ ಎಂದು ಬರುತ್ತಿತ್ತು. ಗುರುಪಾದ ನಾಲ್ಕು ದಿನದಿಂದ ದಾಡಿ ಮಾಡಿಕೊಳ್ಳುವಾಗ ಕನ್ನಡಿಗೆ ಹೇಳಿಕೊಳ್ಳುತ್ತಿದ್ದ: “ಕ್ಯಾಪ್ಟನ್ ಗುರುಪಾದ ಮಾತಾಡಾಕತ್ತೀನಿ.” ನಗುವವರು ನಗಲಿ, ಅವನಿಗೆ ಆ ಪದವಿ ತುಂಬಾ ಬೇಕಿತ್ತು. ಜೀವನದಲ್ಲಿ ಒಂದು ಸಲ, ಎಲ್ಲಿಯಾದರೂ, ಯಾರಾದರೂ ಅವನನ್ನು ಲೋಡರ್ ಅಲ್ಲದೆ ಬೇರೇನಾದರೂ ಅನ್ನಬೇಕಿತ್ತು.

ಹೊಸದಾಗಿ ಪಡೆದ ಹಡಗಿಗೆ ‘ಸಿಂದಗಿ ಫಾಸ್ಟ್’ ಎಂದು ಹೆಸರಿಟ್ಟು, ನಸುಕಿನಲ್ಲೇ ಅದನ್ನು ದಾರಿಗೆ ಹಚ್ಚಿದ್ದ. ಹಡಗು ತಾನೇ ಸಾಗುತ್ತಿತ್ತು. ಅವನು ಎದುರಿಗೆ ಕೂತು ಕಾಯಬೇಕು, ನಡುನಡುವೆ ಬರುವ ಬಂಡೆಗಳನ್ನು ತಪ್ಪಿಸಬೇಕು, ಅಷ್ಟೇ ಕೆಲಸ. ಬಾಗಿಲು ಹಾಕಿಕೊಳ್ಳೋಣವೆಂದರೆ ಚಾಳಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿದ ಮನೆಯಲ್ಲಿ ಜಗಳವೋ ಜ್ವರವೋ ಇರಬೇಕೆಂದು ಜನ ಬಡಿದು ಬಡಿದು ತೆಗೆಸುತ್ತಾರೆ. ಹಾಗಾಗಿ ತೆರೆದೇ ಇಟ್ಟಿದ್ದ.

ಆ ಬಾಗಿಲಿನಿಂದ ಮೊದಲು ಬಂದವಳು ಭುವನೇಶ್ವರಿ. ಒಂದು ಕೈಯಲ್ಲಿ ಮೆಂತ್ಯೆ ಸೊಪ್ಪು, ಇನ್ನೊಂದು ಕೈಯಲ್ಲಿ ಎಳ್ಳೆಣ್ಣೆಯ ಬಾಟಲಿ.

“ರೀ, ಶನಿಗೆ ಹೊಂಟೀರಂತ? ಬಾಜೀ ಮಾರ್ಕೆಟ್‌ನಾಗ ಮಂದಿ ನನ್ನ ಕೇಳಾಕತ್ತಾರ. ಹೆಂಡತಿಗೆ ಹೇಳಲಾರದ ಹೋಗೋ ಊರೇನ್ರಿ ಅದು?”

“ಬರೇ ಆಟ ಅದು, ಭುವನಾ.”

“ಆಟ ಇದ್ದರ ಬ್ಯಾರೆ ಕಡೆ ಆಡ್ರಿ. ಅಷ್ಟು ದೊಡ್ಡ ಆಕಾಶದಾಗ ನಿಮಗ ಶನೀನ ಬೇಕಾತೇನು? ತಿರಗಿಸ್ರಿ ಗಾಡಿ.”

“ಅರ್ಧ ದಾರಿ ಆಗೇತಿ. ಈಗ ತಿರಗಿಸಾಕ ಬರಂಗಿಲ್ಲ.”

“ಹಂಗಾರ ಎಣ್ಣಿ ಹಚ್ಚಿಸಿಕೊಂಡು ಹೋಗ್ರಿ. ಏಳ್ರಿ ಮ್ಯಾಲ.”

“ಏಳಾಕೂ ಬರಂಗಿಲ್ಲ. ಬಂಡಿಗಲ್ಲು ಬರ್ತಾವ.”

ದಂಪತಿಗಳು ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಗುರುಪಾದ ಕುರ್ಚಿಯಿಂದ ಏಳಕೂಡದು, ಭುವನೇಶ್ವರಿ ಎಣ್ಣೆ ಹಚ್ಚದೆ ಬಿಡಕೂಡದು. ಎರಡೂ ನಡೆದವು. ಅವಳು ಅವನ ನೆತ್ತಿಗೆ ಬಾಟಲಿ ಬಗ್ಗಿಸಿ ಹಬ್ಬದ ದಿನ ಮಕ್ಕಳಿಗೆ ತಟ್ಟುವಂತೆ ತಟ್ಟಿದಳು. ಎಣ್ಣೆ ಹಣೆಯಿಂದ ಹುಬ್ಬಿಗೆ, ಕಿವಿಯಿಂದ ಹೆಡ್‌ಸೆಟ್ಟಿಗೆ, ತೋಳಿನಿಂದ ಬೆರಳಿಗೆ ಇಳಿಯಿತು. ಜಾಯ್‌ಸ್ಟಿಕ್ಕು ಕೈಯಲ್ಲಿ ನಿಲ್ಲದಾಯಿತು. ಅವನು ಎಡಕ್ಕೆ ಒತ್ತಿದರೆ ಕೈ ಎಡಕ್ಕೆ ಹೋಗುತ್ತಿತ್ತು, ಹಡಗು ಮಾತ್ರ ನೇರ ಹೋಗುತ್ತಿತ್ತು. ಒಂದು ಬಂಡೆ ಸಿಂದಗಿ ಫಾಸ್ಟ್‌ನ ಬೆನ್ನು ಸವರಿಕೊಂಡೇ ಹೋಯಿತು.

“ನೋಡಿದ್ರೇನು? ಎಣ್ಣಿ ಹಚ್ಚಿದ್ದಕ್ಕ ಉಳಿದ್ರಿ!” ಎಂದಳು ಭುವನೇಶ್ವರಿ.

ಈ ಹೊತ್ತಿಗೆ ಬಾಗಿಲಲ್ಲಿ ಬಂಡೆಪ್ಪ ನಿಂತಿದ್ದ. ಜೀವಮಾನವೆಲ್ಲ ಕಪ್ಪು-ಹಳದಿ ಟ್ಯಾಕ್ಸಿ ಓಡಿಸಿ ಈಗ ಮನೆಯಲ್ಲಿ ಕೂತಿರುವ ಆತನಿಗೆ, ಚಾಳಿನ ಯಾವ ವಾಹನದ ವಿಷಯವಿದ್ದರೂ ತನ್ನನ್ನು ಕೇಳಿಯೇ ಮುಂದುವರಿಯಬೇಕೆಂಬ ಭಾವನೆ. ಅವನ ಹಿಂದೆ ಕಸ್ತೂರಿಬಾಯಿ ಇದ್ದಳು. ಅವಳ ಹಿಂದೆ ಚಾಳು ಇತ್ತು.

“ಹೊಸಾ ಗಾಡಿ ಅಂತಲ್ಲೋ, ಗುರುಪಾದ?” ಬಂಡೆಪ್ಪ ಪರದೆಗೆ ಮೂಗು ತಾಗಿಸಿ ನೋಡಿದ. “ಪೂಜಿ ಮಾಡ್ಸೀಯೇನು?”

“ಇದಕ್ಕೆಂಥಾ ಪೂಜಿ, ಕಾಕಾ?”

“ಪೂಜಿ ಇಲ್ಲದ ರಸ್ತಾಕ್ಕ ಇಳಿಸೀದಿ! ಅದೂ ಶನಿವಾರ! ಮುಂಬೈದಾಗ ಪಾನ್‌ಪಟ್ಟಿ ಇಟ್ಟಾವನೂ ಶನಿವಾರ ಮುಂಜಾನಿ ನಿಂಬಿಕಾಯಿ ಮೆಣಸಿನಕಾಯಿ ಕಟ್ಟಸ್ತಾನ. ನೀ ಇಷ್ಟು ದೂರ ಹೊಂಟಾಂವ, ಒಂದು ನಿಂಬಿಹಣ್ಣರೆ ಕಟ್ಟೀಯೇನು?”

ಗುರುಪಾದ ಕಟ್ಟಿರಲಿಲ್ಲ. ಕಟ್ಟಲು ಜಾಗವಿಲ್ಲವೆಂದು ಹೇಳಿದ್ದು ಅವನ ಎರಡನೆಯ ತಪ್ಪು, ಏಕೆಂದರೆ ಎಲ್ಲರೂ ಸೇರಿ ಜಾಗ ಹುಡುಕತೊಡಗಿದರು. ನಿಂಬೆ ಮೆಣಸಿನಕಾಯಿಯ ಸರವನ್ನು ಪರದೆಯ ನಡುವಿಗೆ ಬರುವಂತೆ ಇಳಿಬಿಡಲಾಯಿತು. ಅದರ ಹಿಂದಿನಿಂದ ಶನಿಯ ಉಂಗುರ ಅರ್ಧರ್ಧ ಕಾಣುತ್ತಿತ್ತು. ಭುವನೇಶ್ವರಿ ಪರದೆಯ ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಿದಳು. ಹೊಸ್ತಿಲಿಗೆ ತೆಂಗಿನಕಾಯಿ ಒಡೆಯಲಾಯಿತು, ಅದರ ನೀರು ಪ್ಲಗ್ಗಿನ ತನಕ ಹರಿದು ಯಾರ ಪುಣ್ಯಕ್ಕೋ ಅಲ್ಲಿಗೇ ನಿಂತಿತು. ಕೊನೆಗೆ ಬಂಡೆಪ್ಪ ಕಿಸೆಯಿಂದ ನಾಲ್ಕು ನಿಂಬೆಹಣ್ಣು ತೆಗೆದ.

“ಈಗ ಗಾಲಿ ತೋರಸು.”

“ಇದಕ್ಕ ಗಾಲಿ ಇಲ್ಲ, ಕಾಕಾ. ಹಾರತೈತಿ.”

“ವಿಮಾನೂ ಹಾರತೈತಿ. ಗಾಲಿ ಇಲ್ಲೇನು ಅದಕ್ಕ? ದಿನಾ ನನ್ನ ತಲಿ ಮ್ಯಾಲ ಗಾಲಿ ಬಿಚಕೊಂಡ ಇಳಿತೈತಿ.”

ಬಂಡೆಪ್ಪನಿಗೆ ಗಾಲಿ ಬೇಕೇ ಬೇಕಿತ್ತು. ಅವನ ಕಣ್ಣು ಸುತ್ತಿ ಬಂದು ಕುರ್ಚಿಯ ಕೆಳಗೆ ನಿಂತಿತು. ಗುರುಪಾದ ಕೂತದ್ದು ಯಾವುದೋ ಆಫೀಸು ಹರಾಜು ಹಾಕಿದ ಗಾಲಿಕುರ್ಚಿ. ಡ್ರೈವರ್ ಕೂತಲ್ಲೇ ಗಾಡಿ ಎಂದು ಬಂಡೆಪ್ಪ ತೀರ್ಪು ಕೊಟ್ಟು, ಬಗ್ಗಿ, ಗಾಲಿಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟ.

“ಹೂಂ, ಒಂದೀಟು ಮುಂದ ತಗೋ.”

“ಕಾಕಾ, ಕೈ ಬಿಡಾಕ ಬರಂಗಿಲ್ಲ ಈಗ...”

“ನಾ ನೂಕ್ತೀನಿ, ನೀ ಕುಂದ್ರು.”

ಬಂಡೆಪ್ಪ ನೂಕಿದ. ನಿಂಬೆಹಣ್ಣು ಜಪ್ಪಯ್ಯ ಅಂದರೂ ಒಡೆಯಲಿಲ್ಲ. ಕಸ್ತೂರಿಬಾಯಿ ಕೈಹಚ್ಚಿದಳು, ಆಗ ನಾಲ್ಕೂ ಒಮ್ಮೆಲೇ ಒಡೆದವು. ನೆಲದ ಮೇಲೆ ಮೊದಲೇ ಎಣ್ಣೆ ಸುರಿದಿತ್ತು, ಈಗ ನಿಂಬೆರಸವೂ ಸೇರಿತು. ಕುರ್ಚಿ ಗಿರ್ರನೆ ತಿರುಗಿ, ಭುವನೇಶ್ವರಿಯ ಮೆಂತ್ಯೆ ಸೊಪ್ಪಿನ ಮೇಲೆ ಹಾದು, ಹೊಸ್ತಿಲು ಜಿಗಿದು ಗ್ಯಾಲರಿಗೆ ಬಂದು ನಿಂತಿತು. ಅದರಲ್ಲಿ ಗುರುಪಾದ ತಲೆಗೆ ಹೆಡ್‌ಸೆಟ್ಟು, ಕೈಯಲ್ಲಿ ಜಾಯ್‌ಸ್ಟಿಕ್ಕು ಹಿಡಿದು ಕೂತೇ ಇದ್ದ. ಎರಡರ ವಾಯರುಗಳೂ ಕಿತ್ತು ಬಂದಿದ್ದವು.

“ಪೂಜಿ ಪಾಸಾತು!” ಎಂದು ಬಂಡೆಪ್ಪ ಕೈಯೊರೆಸಿಕೊಂಡ.

ಗುರುಪಾದ ಜಾರುತ್ತ ಬೀಳುತ್ತ ಒಳಗೆ ಬಂದು ವಾಯರು ಚುಚ್ಚುವಷ್ಟರಲ್ಲಿ ಸಿಂದಗಿ ಫಾಸ್ಟ್ ದಾರಿ ತಪ್ಪಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತ್ತು. ಕಿವಿಯಲ್ಲಿ ನವೀನನ ದನಿ: “ಗುರುಪಾದಣ್ಣಾ, ಎಲ್ಲಿ ಹೊಂಟೀರಿ? ಸೋಲಾಪುರದ ಹುಡುಗ ನಿಮ್ಮನ್ನ ದಾಟಿ ಹೋದ ನೋಡ್ರಿ!” ಗುರುಪಾದನಿಗೆ ಅಳು ಬಂತು. ನಲವತ್ತು ದಾಟಿದ ಗಂಡಸು ಕಂಪ್ಯೂಟರ್ ಮುಂದೆ ಅಳುವುದು ಚೆನ್ನಾಗಿರುವುದಿಲ್ಲವೆಂದು ಎಣ್ಣೆ ಕಣ್ಣಿಗಿಳಿದವನಂತೆ ಒರೆಸಿಕೊಂಡ. ಊಟ ಬಿಟ್ಟ, ಚಹಾ ಬಿಟ್ಟ, ಎಣ್ಣೆಗೈಗೆ ಟವೆಲ್ಲು ಸುತ್ತಿಕೊಂಡು ಮಧ್ಯಾಹ್ನವೆಲ್ಲ ಹಡಗನ್ನು ಮತ್ತೆ ದಾರಿಗೆ ತಂದ. ಅಂಥ ಚಾಲನೆಯನ್ನು ದಖ್ಖನ್ ಪಡೆಯಲ್ಲಿ ಯಾರೂ ಮಾಡಿರಲಿಲ್ಲ ಎಂದು ಪಕ್ಷಪಾತವಿಲ್ಲದೆ ಹೇಳಬಹುದು. ಆದರೆ ನೋಡಲು ಯಾರೂ ಇರಲಿಲ್ಲ, ಎಲ್ಲರೂ ಊಟಕ್ಕೆ ಹೋಗಿದ್ದರು.

ಐದು ಹೊಡೆಯುವಾಗ ವಿಜೇತಾ ಕಾಲೇಜಿನಿಂದ ಬಂದಳು. ಆಕೆಯ ಹಿಂದೆಯೇ, ಊಟ ನಿದ್ದೆ ಮುಗಿಸಿದ ಚಾಳು ಬಂತು.

“ಪಪ್ಪಾ, ಯೇ ಕ್ಯಾ ಹೈ? ಮಾನಿಟರ್‌ಗೆ ಕುಂಕುಮ ಯಾಕೆ? ನಿಂಬು ಯಾಕೆ?”

“ಕೇಳಬ್ಯಾಡ,” ಎಂದ ಗುರುಪಾದ.

ಕಸ್ತೂರಿಬಾಯಿ ಬರಿಗೈಯಲ್ಲಿ ಬಂದಿರಲಿಲ್ಲ. ಎಣ್ಣೆ ಹಚ್ಚಿದರೂ, ಪೂಜೆ ಮಾಡಿದರೂ ಗಾಡಿ ಹಾದಿ ತಪ್ಪಿತೆಂದರೆ ದೃಷ್ಟಿಯೇ ಆಗಿರಬೇಕೆಂದು ಆಕೆ ಮಧ್ಯಾಹ್ನ ಮಲಗಿದಲ್ಲೇ ತೀರ್ಮಾನಿಸಿದ್ದಳು. ಕೈಯಲ್ಲಿ ಕಾದು ಕೆಂಪಗಾದ ಹಂಚು, ಸೆರಗಿನಲ್ಲಿ ಉಪ್ಪು, ಸಾಸಿವೆ, ಬ್ಯಾಡಗಿ ಅಲ್ಲದ ಯಾವುದೋ ಉಗ್ರ ಜಾತಿಯ ಒಣಮೆಣಸಿನಕಾಯಿ. ವಿಮಾನದ ಸದ್ದು ಬರಬಾರದೆಂದು ಗುರುಪಾದ ಮುಂಜಾನೆಯೇ ಕಿಟಕಿ ಭದ್ರವಾಗಿ ಮುಚ್ಚಿದ್ದ. ಬಾಗಿಲನ್ನು ಜನ ಮುಚ್ಚಿದ್ದರು.

“ಬ್ಯಾಡ ಮಾವಶಿ, ಕೈ ಮುಗೀತೀನಿ. ನಿಲ್ದಾಣ ಬಂತು!”

“ಅದಕ್ಕೇನ ಇಳಸೋದು. ಸುಮ್ಮನ ಕುಂದ್ರು.”

ಆಕೆ ಮೂರು ಸಲ ಇಳಿದೆಗೆದು ಎಲ್ಲವನ್ನೂ ಹಂಚಿಗೆ ಸುರಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿಯ ಘಾಟು ಬರುವುದಿಲ್ಲ ಎಂಬುದು ಆಕೆಯ ನಂಬಿಕೆ. ಘಾಟು ಬಂತು. ಎಂಥ ಘಾಟೆಂದರೆ, ಬಂಡೆಪ್ಪ ಬಾಗಿಲು ಹುಡುಕುತ್ತ ಕಪಾಟಿನೊಳಗೆ ಹೋದ. ಭುವನೇಶ್ವರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಳು. ವಿಜೇತಾ ಕಿಟಕಿ ತೆರೆಯಲು ಹೋಗಿ ಮೂರನೆಯ ಸಲಕ್ಕೆ ತೆರೆದಳು.

“ದೃಷ್ಟಿ...” ಕಸ್ತೂರಿಬಾಯಿ ಕೆಮ್ಮಿನ ನಡುವೆ ಘೋಷಿಸಿದಳು, “ದೃಷ್ಟಿ ಆಗಿಲ್ಲ!”

ಗುರುಪಾದನ ಗಂಟಲು ಕಟ್ಟಿಹೋಗಿತ್ತು. ಕಣ್ಣಿಂದ ನೀರು ಧಾರಾಕಾರ. ಆ ನೀರಿನ ಆಚೆ, ನಿಂಬೆಹಣ್ಣಿನ ಆಚೆ, ಶನಿಯ ನಿಲ್ದಾಣ ದೀಪ ಬೆಳಗಿಕೊಂಡು ನಿಂತಿತ್ತು. ಅದರ ಬಾಗಿಲು ಒಂದೇ. ಬಾಗಿಲಿನ ಮುಂದೆ ದೇಶದೇಶಗಳ ಹಡಗುಗಳು ಕಣ್ಣಿಗೆ ಕಾಣುವ ತನಕ ಸಾಲುಗಟ್ಟಿದ್ದವು. ಎಲ್ಲಕ್ಕಿಂತ ಮುಂದೆ ಸೋಲಾಪುರದ ಹುಡುಗ. ನಿಲ್ದಾಣದ ಕಾವಲುಗಾರನ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

“ನಂಬರ್ ಬರೋ ತನಕ ವೇಟ್ ಮಾಡಿ ಅಂತಿದ್ದಾರೆ ಪಪ್ಪಾ,” ಎಂದಳು ವಿಜೇತಾ. “ಬಾಗಿಲು ಈಗ ಬಂದ್ ಇದೆ. ಆರಕ್ಕೆ ಐದು ನಿಮಿಷ ಇದ್ದಾಗ ಖೋಲ್ತಾರೆ. ನಮ್ಮ ನಂಬರ್ ಏಕ್‌ದಂ ಲಾಸ್ಟ್.”

ಗುರುಪಾದ “ಪ್ಲೀಸ್ ಸರ್” ಎನ್ನಲು ಬಾಯಿ ತೆರೆದ. ಕೆಮ್ಮು ಬಂತು. ಮತ್ತೆ ತೆರೆದ, ಮತ್ತೆ ಕೆಮ್ಮು.

“ಲೈನ್ ಐತೇನು?” ಕಸ್ತೂರಿಬಾಯಿ ಮೂಗೊರೆಸಿಕೊಂಡು ಪರದೆಯ ಹತ್ತಿರ ಬಂದಳು. ಈವರೆಗೆ ಆಕೆಗೆ ಆ ಆಟದಲ್ಲಿ ತಿಳಿಯುವಂಥದ್ದು ಏನೂ ಇರಲಿಲ್ಲ, ಆದರೆ ಲೈನು ತಿಳಿಯಿತು. ಚಾಳಿನ ನಳಕ್ಕೆ ನೀರು ಬರುವುದು ಮುಂಜಾನೆ ಸ್ವಲ್ಪ ಹೊತ್ತು. ಅಲ್ಲಿ ಕೊಡ ಹಿಡಿದು ನಿಂತು ನಿಂತು ಆಕೆಯ ಕೂದಲು ಬೆಳ್ಳಗಾಗಿತ್ತು, ಆದರೆ ಒಂದು ದಿನವೂ ಕೊಡ ಖಾಲಿ ಬಂದಿರಲಿಲ್ಲ.

“ನಿನ್ನ ಹಂತ್ಯಾಕ ಖಾಲಿ ಡಬ್ಬಿಗಿಬ್ಬಿ ಏನರೆ ಐತೇನೋ?”

ಗುರುಪಾದ ಕೆಮ್ಮುತ್ತ ತಲೆಯಾಡಿಸಿದ. ಹಡಗಿನಲ್ಲಿ ಒಂದು ಖಾಲಿ ಪೆಟ್ಟಿಗೆ ಇತ್ತು.

“ಒಗಿ ಅದನ್ನ. ಬಾಗಲದ ಮುಂದ ಒಗಿ. ಮನಷ್ಯಾ ಇಲ್ಲಂದ್ರ ಅವನ ಕೊಡಾ ಇರಬೇಕು ಲೈನ್‌ದಾಗ. ಇಷ್ಟು ವರ್ಷ ಮುಂಬೈದಾಗ ಇದ್ದು ಏನ ಕಲತೀ ನೀ?”

ಬೇರೆ ಯಾವ ಊರಿನವರಿಗೂ ಆ ಬುದ್ಧಿ ಹೊಳೆಯುತ್ತಿರಲಿಲ್ಲ. ಗುರುಪಾದ ಗುಂಡಿ ಒತ್ತಿದ. ಖಾಲಿ ಪೆಟ್ಟಿಗೆ ತೇಲುತ್ತ ಹೋಗಿ, ಸೋಲಾಪುರದ ಹುಡುಗನ ಮೂತಿಗೂ ನಿಲ್ದಾಣದ ಬಾಗಿಲಿಗೂ ನಡುವೆ ನಿಂತಿತು. ಎದುರಿಗೆ ಅಡ್ಡ ಬಂದರೆ ತಾನೇ ಬ್ರೇಕು ಹಾಕಿಕೊಳ್ಳುವುದು ಆ ಹಡಗುಗಳ ಗುಣ. ಬಾಗಿಲ ಕಡೆ ತೆವಳುತ್ತಿದ್ದ ಸೋಲಾಪುರ ನಿಂತಿತು. ಅದರ ಹಿಂದೆ ಜರ್ಮನಿಯೋ ಜಪಾನೋ ನಿಂತಿತು. ಒಂದರ ಹಿಂದೆ ಒಂದು ಇಡೀ ಆಕಾಶವೇ ನಿಂತುಬಿಟ್ಟಿತು. ಹೆಡ್‌ಸೆಟ್ಟಿನಲ್ಲಿ ನಾನಾ ಭಾಷೆಯ ಬೈಗುಳ ಕೇಳತೊಡಗಿದವು. ಗುರುಪಾದ ಹೆದರಿ ಹಡಗನ್ನು ಹಿಂದಕ್ಕೆ ಸರಿಸಹೋದ.

“ತಾ ಇಲ್ಲೆ,” ಎಂದು ಕಸ್ತೂರಿಬಾಯಿ ಅವನ ತಲೆಯಿಂದ ಹೆಡ್‌ಸೆಟ್ಟು ಕಿತ್ತು ತನ್ನ ತಲೆಗೆ ಏರಿಸಿಕೊಂಡಳು. “ಏ! ಕೌನ್ ಚಿಲ್ಲಾತಾ ಹೈ ರೇ? ಸುಬೇಸೇ ಹಮಾರಾ ಡಬ್ಬಾ ಇಧರ್ ರಖೇಲಾ ಹೈ! ದಿಖತಾ ನಹೀ ಕ್ಯಾ? ಹಮಾರಾ ಲಡಕಾ ತೇಲ್ ಲಗಾನೇ ಗಯಾ ಥಾ, ವಾಪಸ್ ಆಯಾ! ಮಾಗೆ ವ್ಹಾ, ಮಾಗೆ! ಏ ಉದ್ದನ ಹಡಗದಾವನ, ನಿನಗ ಹೇಳಾಕತ್ತೀನಿ, ಸರೀ ಹಿಂದ!”

ಮುಂಜಾನೆಯಿಂದ ಡಬ್ಬಿ ಅಲ್ಲೇ ಇತ್ತು, ಹುಡುಗ ಎಣ್ಣೆ ಹಚ್ಚಿಸಿಕೊಳ್ಳಲು ಹೋಗಿ ಬಂದನೆಂಬುದು ಆಕೆಯ ವಾದ. ಆಕಾಶ ಗಪ್ಪಾಯಿತು. ಶಬ್ದ ತಿಳಿಯದಿದ್ದರೂ ಆ ದನಿಯ ಅರ್ಥ ಎಲ್ಲ ದೇಶದವರಿಗೂ ತಿಳಿಯಿತು. ಉದ್ದನೆಯ ಹಡಗು ಹಿಂದೆ ಸರಿಯಿತು. ಕಾವಲುಗಾರ ಸಣ್ಣ ದನಿಯಲ್ಲಿ ಏನೋ ಹೇಳಿದ.

“ಬಾಗಿಲು ಖೋಲಾ! ನಮ್ಮನ್ನೇ ಮೊದಲು ಕರೀತಿದ್ದಾರೆ!” ವಿಜೇತಾ ಕಿರುಚಿದಳು. “ಪಪ್ಪಾ, ಹೋಗಿ! ಆರಾಮ್ಸೆ, ಪೂರಾ ನಿಲ್ಲಿಸಿ!”

ಗುರುಪಾದ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನೀರು ಸುರಿಸುತ್ತ, ಜಾರುವ ಕೈಯಲ್ಲಿ ಜಾಯ್‌ಸ್ಟಿಕ್ಕನ್ನು ಅದುಮಿ ಹಿಡಿದು, ಆ ಸಾಲಿನ ಪಕ್ಕದಿಂದ ಸಿಂದಗಿ ಫಾಸ್ಟನ್ನು ತಂದು, ಬಾಗಿಲಲ್ಲಿ ಹೊಗಿಸಿ, ಒಳಗೆ ಒಂದಿಷ್ಟೂ ಅಲುಗದಂತೆ ಇಳಿಸಿದ. ಹಡಗು ಪೂರ್ತಿ ನಿಂತಿತು. ಆರಕ್ಕೆ ಇನ್ನೂ ಎರಡು ನಿಮಿಷವಿತ್ತು.

ಚಾಳು ಚಪ್ಪಾಳೆ ಹೊಡೆಯಿತು. ಬಂಡೆಪ್ಪ ಕಪಾಟಿನಿಂದ ಹೊರಬಂದು ಪೂಜೆಯ ಫಲ ಎಂದ. ಭುವನೇಶ್ವರಿ ಎಣ್ಣೆಯ ಫಲ ಎಂದಳು. ಅಂದವಳು ಗಂಡನ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟಳು, ಜನರಿದ್ದಾರೆಂದು ತೆಗೆದಳು. ಗುರುಪಾದನಿಗೆ ಎದೆ ತುಂಬಿ ಬಂತು. ಅವನು ಗಂಟಲು ಸರಿಮಾಡಿಕೊಂಡು ಕನ್ನಡಿಯ ಮುಂದೆ ಕಲಿತ ವಾಕ್ಯವನ್ನು ನಾಲಗೆಯ ತುದಿಗೆ ತಂದಿಟ್ಟುಕೊಂಡ.

ವಿಜೇತಾ ದನಿಯನ್ನು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ನವೀನನ ದನಿ ಖೋಲಿ ತುಂಬಿತು.

“ಸಿಂದಗಿ ಫಾಸ್ಟ್, ಶಾಬ್ಬಾಸ್! ಮಾತಿನ ಪರಕಾರ ಕ್ಯಾಪ್ಟನ್ ಪದವಿ ನಿಮ್ಮ ಹಡಗಿಗೇನ. ಒಂದ ಕೇಳ್ತೀನಿ, ಆ ಖಾಲಿ ಪೆಟ್ಟಿಗಿ ಒಗಿಯೋ ಐಡಿಯಾ ಯಾರದು?”

ಗುರುಪಾದ ಬಾಯಿ ತೆರೆದ. ಹೆಡ್‌ಸೆಟ್ಟು ಇನ್ನೂ ಕಸ್ತೂರಿಬಾಯಿಯ ತಲೆಯ ಮೇಲೇ ಇತ್ತು.

“ನಂದು,” ಎಂದಳು ಆಕೆ. “ಯಾಕ?”

“ಅವ್ವಾರ, ಈಗ ಲೈನ್‌ದಾಗ ಮಾತಾಡಿದವರೂ ನೀವ ಏನ್ರಿ?”

“ನಾನ. ಇನ್ನೂ ಮಾತಾಡಬೇಕೇನು?”

“ಬ್ಯಾಡ್ರಿ, ಬ್ಯಾಡ್ರಿ! ನಿಮ್ಮ ಹೆಸರೇನ್ರಿ?”

“ಕಸ್ತೂರಿಬಾಯಿ.”

ಟಕಟಕ ಕೀಲಿ ಒತ್ತುವ ಸದ್ದು ಕೇಳಿತು. ಪರದೆಯ ಮೇಲೆ, ನಿಂಬೆ ಮೆಣಸಿನಕಾಯಿಯ ಸರದ ಎರಡೂ ಬದಿಗೆ ದೊಡ್ಡ ಅಕ್ಷರಗಳು ಮೂಡಿದವು. ವಿಜೇತಾ ಒಂದೊಂದೇ ಕೂಡಿಸಿ ಓದಿದಳು. ಮೇಲೆ ‘ಕ್ಯಾಪ್ಟನ್ ಕಸ್ತೂರಿಬಾಯಿ’. ಕೆಳಗೆ, ಸಣ್ಣದಾಗಿ, ‘ಲೋಡರ್ ಗುರುಪಾದ’.

“ಗುರುಪಾದಣ್ಣಾ, ಬ್ಯಾಸರ ಆಗಬ್ಯಾಡ್ರಿ,” ಎಂದ ನವೀನ. “ಹಡಗ ಹಾರಿಸೋವರು ನಮ್ಮ ಪಡ್ಯಾಗ ಬೇಕಾದಷ್ಟು ಮಂದಿ ಅದಾರ. ಜಾಗಾ ಹಿಡಿಯೋವರೇ ಇಲ್ರಿ.”

ಗುರುಪಾದ ಕಣ್ಣೊರೆಸಿಕೊಂಡ. ಈ ಸಲ ಎಣ್ಣೆಯ ನೆಪವೂ ಬೇಕಾಗಲಿಲ್ಲ, ಮೆಣಸಿನಕಾಯಿಯ ಹೊಗೆ ಇತ್ತು.

“ಏಳೋ ತಮ್ಮಾ, ಕುರ್ಚಿ ಬಿಡು,” ಎಂದಳು ಕಸ್ತೂರಿಬಾಯಿ. ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡು, ಪರದೆಯ ಮೇಲಿನ ನಕಾಶೆಯನ್ನು ಬೆರಳಿಂದ ತಡವಿದಳು. “ಶನಿ ಕೆಲಸ ಆತು. ಈಗ ಇದರಾಗ ಗುರು ಎಲ್ಲಿ ಅದಾನ ನೋಡವಾ, ವಿಜೇತಾ. ನನ್ನ ಮೊಮ್ಮಗಳಿಗೆ ಎರಡು ವರ್ಷಾತು ಗುರುಬಲ ಕೂಡಿ ಬರವಲ್ದು, ಲಗ್ನ ನಿಂತೈತಿ. ನಾಳೆ ಆಯಿತವಾರ, ಅವನ ಕಡೆ ಹೋಗೇ ಬರೂಣು.”

“ಗುರು ದಾಟಿದರ ಹತ್ತರನ ಮಂಗಳಲ್ಲೇನು?” ಬಂಡೆಪ್ಪ ಕೇಳಿದ. “ನನ್ನ ಮಗಗ ಕುಜದೋಷ ಐತಿ.”

ಬಾಗಿಲಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಯಾರಿಗೋ ಬುಧ ಬೇಕಿತ್ತು, ಯಾರಿಗೋ ಶುಕ್ರ. ರಾಹು ಕೇತುಗಳ ನಿಲ್ದಾಣ ಈ ಕಂಪ್ಯೂಟರಿನಲ್ಲಿಲ್ಲವೆಂದು ತಿಳಿದು ಒಬ್ಬಳು ಜಗಳಕ್ಕೇ ನಿಂತಳು. ಮುಂಜಾನೆಯಿಂದ ಗಾಡಿ ತಿರುಗಿಸಿರೆಂದು ಬಡಿದುಕೊಂಡಿದ್ದ ಭುವನೇಶ್ವರಿ ಮೆಲ್ಲಗೆ ಗಂಡನ ಪಕ್ಕಕ್ಕೆ ಬಂದು, ಹಂಗಾರೆ ನಾಳೆ ಎಷ್ಟು ಮಂದಿಗೆ ರೊಟ್ಟಿ ಕಟ್ಟಲಿ ಎಂದು ಕೇಳಿದಳು.

“ಎಲ್ಲಾರೂ ಲೈನ್ ಹಚ್ಚರಿ!” ಎಂದು ಕ್ಯಾಪ್ಟನ್ ಗದರಿದಳು. ಎಲ್ಲರೂ ಸಾಲಾಗಿ ನಿಂತರು. ಆಮೇಲೆ ಆಕೆ ಗುರುಪಾದನ ಕಡೆ ತಿರುಗಿದಳು.

“ನೀ ಏನ ನೋಡಕೋತ ನಿಂತಿ? ಔಷಧಿ ಪೆಟ್ಟಿಗಿ ಹಂಗ ಅದಾವು. ಇಳಸು ಲಗೂ.”

ಅವನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಟವೆಲ್ಲಿನಿಂದ ಕೈಯೊರೆಸಿಕೊಂಡು, ಒಂದೊಂದೇ ಪೆಟ್ಟಿಗೆ ಇಳಿಸತೊಡಗಿದ.